ಬೈಗುಳವಿಲ್ಲದ ಮದುವೆ

೧೯೪೬ರ ಬೇಸಿಗೆಯಲ್ಲಿ ನಾನು ವಿಜಯಪುರದಲ್ಲಿ, ಆಗಿನ ಜನರ ಬಾಯಲ್ಲಿ ವಿಜಾಪುರದಲ್ಲಿ, ಮನಃಶಾಸ್ತ್ರದ ಸಂಶೋಧನಾ ಸಹಾಯಕಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಜಗಳ ನೋಡುವುದು. ಸಂತೆ, ಬಾವಿಕಟ್ಟೆ, ಬಸ್ ಸ್ಟ್ಯಾಂಡು, ಎಲ್ಲಿ ನಾಲ್ಕು ಜನ ಸೇರುತ್ತಾರೋ ಅಲ್ಲಿ ನಿಂತು, ಯಾರು ಯಾರಿಗೆ ಏನಂದರು, ಯಾರ ಕೈ ಎಷ್ಟು ಮೇಲೆದ್ದಿತು ಎಂದು ಗುರುತು ಹಾಕಿಕೊಳ್ಳಬೇಕು. ಧಾರವಾಡದ ಶಾಲಾ ಮಾಸ್ತರರ ಮಗಳಾದ ನನಗೆ ಮನೆಯಲ್ಲಿ ಗಟ್ಟಿಯಾಗಿ ನಗುವುದಕ್ಕೂ ಅಪ್ಪಣೆ ಬೇಕಿತ್ತು. ಊರವರ ಬೈದಾಟ ಕೇಳಲು ಸಂಬಳ ಕೊಡುತ್ತಾರೆಂದಾಗ ಸ್ವರ್ಗಕ್ಕೆ ಮೂರೇ ಗೇಣು ಎನಿಸಿತ್ತು.

ಅಧ್ಯಯನ ನಡೆಸುತ್ತಿದ್ದವರು ಮುಂಬಯಿಯಲ್ಲಿ ಪಾಠ ಹೇಳುತ್ತಿದ್ದ ನಮ್ಮ ಪ್ರೊಫೆಸರರು. ಹುಟ್ಟಿದ್ದು ಮೈಸೂರಿನಲ್ಲಿ. ಬೇರೆಯವರಿಗೆ ನೋವುಂಟುಮಾಡುವ ಗುಣವನ್ನು ನಮ್ಮ ಶಾಸ್ತ್ರದಲ್ಲಿ ಆಕ್ರಮಣಶೀಲತೆ ಎನ್ನುತ್ತೇವೆ. ಅದು ಎಲ್ಲ ಮನುಷ್ಯರಲ್ಲೂ ಒಂದೇ ತೆರನಾಗಿದೆಯೇ ಅಥವಾ ಒಂದೊಂದು ಸೀಮೆಯ ಜನ ಅದನ್ನು ಒಂದೊಂದು ರೀತಿ ಬೆಳೆಸಿಕೊಳ್ಳುತ್ತಾರೆಯೇ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ನಾಲ್ಕು ಮೆಟ್ಟಿಲಿನ ಒಂದು ಸ್ಕೇಲ್ ಮಾಡಿಕೊಂಡಿದ್ದರು: ಗೊಣಗುವುದು, ಬೈಯುವುದು, ಬೆದರಿಸುವುದು, ಹೊಡೆಯುವುದು. ಒಂದು ಮೆಟ್ಟಿಲು ಹತ್ತಿದವನು ಮುಂದಿನದಕ್ಕೂ ಕಾಲಿಡುತ್ತಾನೆ, ಆದ್ದರಿಂದ ಬೈಗುಳ ಹೆಚ್ಚಿರುವ ಕಡೆ ಹೊಡೆತವೂ ಹೆಚ್ಚಿರಬೇಕು ಎಂಬುದು ಅವರ ಲೆಕ್ಕಾಚಾರ.

ವಿಜಾಪುರ ಆ ಲೆಕ್ಕಾಚಾರವನ್ನು ತಲೆಕೆಳಗು ಮಾಡಿತು. ನನ್ನ ಹಾಳೆಗಳಲ್ಲಿ ಎರಡನೆಯ ಮೆಟ್ಟಿಲು ತುಂಬಿ ತುಳುಕುತ್ತಿತ್ತು, ನಾಲ್ಕನೆಯದು ಹೆಚ್ಚುಕಡಿಮೆ ಖಾಲಿ. ಪ್ರೊಫೆಸರರಿಗೆ ಊರಿನ ಮೇಲಲ್ಲ, ನನ್ನ ಮೇಲೆ ಸಂಶಯ ಬಂತು. ಒಂದೇ ಘಟನೆಯನ್ನು ಇಬ್ಬರು ದೂರ ದೂರ ಕುಳಿತು ನೋಡಿ, ಇಬ್ಬರ ಗುರುತೂ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸುವ ಕ್ರಮವಿದೆ. ಹಾಗೆ ಪರೀಕ್ಷಿಸಲು ಅವರೇ ರೈಲು ಹತ್ತಿ ಬಂದರು. ಗುರುತು ತಾಳೆಯಾಗದಿದ್ದರೆ ನಾನು ಧಾರವಾಡದ ದಾರಿ ಹಿಡಿಯಬೇಕಿತ್ತು.

ಊರಂಚಿನ ಇಬ್ರಾಹಿಂಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಹುಸೇನಬಿ. ಸುತ್ತಲಿನ ಹಳ್ಳಿಗಳಿಗೆ ಬಳೆ ಹೊತ್ತು ಹೋಗಿ ತೊಡಿಸಿ ಬರುವುದು ಅವಳ ಕಸುಬು. ಯಾವ ಮನೆಯಲ್ಲಿ ಯಾವ ಸೊಸೆ ಯಾಕೆ ಮುಖ ಊದಿಸಿಕೊಂಡಿದ್ದಾಳೆ ಎಂಬುದು ಅವಳಿಗೆ ಗೊತ್ತಿರುತ್ತಿತ್ತು. ನನ್ನ ಫಜೀತಿ ಕೇಳಿ ಅವಳು ಕೈ ಬೀಸಿ ನಕ್ಕಳು.

"ಸಂತ್ಯಾಗ ಏನ್ ಬೈಗಳ ಕೇಳ್ತೀರಿ ಅಕ್ಕಾರ? ಬಬಲೇಶ್ವರದಾಗ ನಮ್ಮ ಗೌರವ್ವನ ಮಗಳ ಮದುವಿ ಐತಿ. ನಿಮ್ಮ ಸಾಹೇಬರನ್ನ ಕರಕೊಂಡು ಬರ್ರಿ. ಬೀಗರನ್ನ ಬೈಯೂದು ಕೇಳಿದ್ರ ನಿಮ್ಮ ಕಾಗದ ಸಾಲಂಗಿಲ್ಲ ನೋಡ್ರಿ."

ಆ ಕಡೆಯ ಮದುವೆಗಳಲ್ಲಿ ಗಂಡಿನವರು ಬಂದಿಳಿದ ಗಳಿಗೆಯಿಂದ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹಾಡಿನಲ್ಲಿ ಹೀಯಾಳಿಸುತ್ತಾರೆ. ಬೀಗನ ಹೊಟ್ಟೆ, ಬೀಗತಿಯ ಅಡುಗೆ, ಅವರ ಎತ್ತು, ಯಾವುದನ್ನೂ ಬಿಡುವುದಿಲ್ಲ. ಗಂಡಿನ ಕಡೆಯವರೂ ಹಾಡಿನಲ್ಲೇ ತಿರುಗೇಟು ಕೊಡುತ್ತಾರೆ. ನಮ್ಮ ಮನೆಯಲ್ಲಿ ಇಂಥ ಹಾಡಿಗೆ ಕಟ್ಟುನಿಟ್ಟಿನ ನಿಷೇಧವಿತ್ತು. ಅದಕ್ಕೇ ಏನೋ, ಹುಸೇನಬಿ ಹೇಳುತ್ತಿದ್ದಂತೆ ನನ್ನ ಕಿವಿ ಆಗಲೇ ಬಬಲೇಶ್ವರ ತಲುಪಿತ್ತು.

ಯುದ್ಧ ಮುಗಿದಿದ್ದರೂ ಪೆಟ್ರೋಲಿನ ಅಭಾವ ನೀಗದೆ ನಮ್ಮ ಬಸ್ಸು ಇನ್ನೂ ಇದ್ದಲಿನ ಗ್ಯಾಸಿನಲ್ಲೇ ಕೆಮ್ಮುತ್ತಾ ಓಡುತ್ತಿತ್ತು. ದಾರಿಯಲ್ಲಿ ಹುಸೇನಬಿಯೂ ಸೇರಿ ಎರಡು ಸಲ ಇಳಿದು ತಳ್ಳಿದೆವು. ಪ್ರೊಫೆಸರರು ಬಿಸಿಲಿಗೆ ಹಾಕುವ ಸೋಲಾ ಟೊಪ್ಪಿಗೆ, ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಕೋಟಿನಲ್ಲಿ ಬಂದಿಳಿದು, ಕಂಡಕಂಡವರಿಗೆಲ್ಲ ಸೊಂಟ ಬಗ್ಗಿಸಿ ಕೈಮುಗಿದರು. ಎತ್ತು ಕಟ್ಟುತ್ತಿದ್ದವನಿಗೂ ಮುಗಿದರು, ಅವನು ಗಾಬರಿಯಾಗಿ ಹಗ್ಗ ಬಿಟ್ಟ. ಮದುಮಗಳ ತಾಯಿ ಗೌರವ್ವ ನಮಗೆ ಮದುವೆಯ ಹಂದರದಲ್ಲಿ ಕಂಬಳಿ ಹಾಸಿಸಿ, ಮುಂದೆ ನೀರಿನ ತಂಬಿಗೆ ಇಟ್ಟು, ಕೈಕಟ್ಟಿ ನಿಂತಳು. ಅಷ್ಟು ಮರ್ಯಾದೆ ಕಂಡು ಪ್ರೊಫೆಸರರು ಖುಷಿಯಾದರು. ನಾನು ಎದುರು ಬದಿಗೆ, ಹೆಂಗಸರ ನಡುವೆ ಕುಳಿತೆ.

ಮಧ್ಯಾಹ್ನದ ಹೊತ್ತಿಗೆ ತಿಕೋಟಾದಿಂದ ಗಂಡಿನವರ ಬಂಡಿಗಳು ಬಂದವು. ಮೊದಲ ಬಂಡಿಯಿಂದ ವರನ ತಾಯಿ ನೀಲವ್ವ ಇಳಿದಳು. ದೊಡ್ಡ ಕುಂಕುಮ, ಹಸಿರು ಇಳಕಲ್ ಸೀರೆ, ನಡಿಗೆಯಲ್ಲಿ ಗತ್ತು. ಇಳಿದವಳೇ ಸೆರಗು ಸರಿಮಾಡಿಕೊಂಡು ಒಂದು ಗಳಿಗೆ ನಿಂತಳು. ಹಾಡು ಬರಲಿಲ್ಲ. ಕಾಲಿಗೆ ನೀರು ಬಂತು, ಬೆಲ್ಲ ಬಂತು, ಎಲೆಅಡಿಕೆ ಬಂತು. ಹೆಣ್ಣಿನ ಕಡೆಯ ಹೆಂಗಸರು ಸೆರಗನ್ನು ಬಾಯಿಗಡ್ಡ ಹಿಡಿದು, ತಗ್ಗಿದ ದನಿಯಲ್ಲಿ "ಬರ್ರಿ, ಕುಂದರ್ರಿ" ಎಂದು ಸರಿದುಹೋದರು.

ನನ್ನ ಹಾಳೆ ಖಾಲಿ. ಪ್ರೊಫೆಸರರ ಕಡೆ ನೋಡಿದೆ. ಅವರದೂ ಖಾಲಿಯೇ ಇರಬೇಕು, ಯಾಕೆಂದರೆ ಅವರು ತೃಪ್ತಿಯಿಂದ ಮುಗುಳ್ನಗುತ್ತಿದ್ದರು. ಇಬ್ಬರ ಗುರುತೂ ಸರಿಯಾಗಿ ತಾಳೆಯಾಗಿತ್ತು, ನನ್ನ ಕೆಲಸವೂ ಉಳಿದಿತ್ತು. ಆದರೆ ಗಂಡಿನ ಕಡೆ ಮಾತು ನಿಂತಿತ್ತು. ಕೊಟ್ಟ ಬೆಲ್ಲವನ್ನು ನೀಲವ್ವ ಬಾಯಿಗೆ ಹಾಕಿರಲಿಲ್ಲ. ವಧೂವರರ ಮೇಲೆ ಅಕ್ಕಿಕಾಳು ಹಾಕುವ ಹೊತ್ತಾಯಿತು, ಮಗನನ್ನು ಕಳಿಸಿಕೊಡಿ ಎಂದು ಹೆಣ್ಣಿನವರು ಕರೆಯಲು ಹೋದಾಗ ಅವಳು ಕುಳಿತಲ್ಲಿಂದ ಏಳಲೇ ಇಲ್ಲ.

"ಬಂಡಿ ಹೂಡ್ರಿ, ತಿಕೋಟಾಕ್ಕ ಹೋಗೂನು," ಎಂದಳು. "ಬಂದು ಒಂದ್ ತಾಸ ಆತು, ನಮ್ಮನ್ನ ಯಾರೂ ಬೈಯವಲ್ಲರು. ಬೈಸಿಕೊಳ್ಳಾಕೂ ಯೋಗ್ಯತಾ ಇಲ್ಲದವ್ರಾದ್ವೇನ ನಾವು? ದಾರಿಹೋಕರಿಗೆ ಕೊಟ್ಟಂಗ ನೀರ್ ಕೊಟ್ರು, ಬೆಲ್ಲ ಕೊಟ್ರು. ಬೀಗರಂತ ತಿಳಿದಿದ್ರ ಹಿಂಗ ಮಾಡ್ತಿದ್ರೇನ?"

ಅವಳ ತಮ್ಮಂದಿರು ನಿಜಕ್ಕೂ ಎತ್ತು ಹೂಡಲು ಎದ್ದರು. ಒಳಗೆ ಅರಿಶಿನ ಮೈಯ ಮದುಮಗಳು ಶಾಂತವ್ವ ಎಲ್ಲವನ್ನೂ ಕೇಳಿಸಿಕೊಂಡು, ಹೊಸ ಬಳೆಗಳನ್ನು ಮತ್ತೊಂದು ಕೈಯಿಂದ ಬಿಗಿಯಾಗಿ ಹಿಡಿದು ಕುಳಿತಿದ್ದಳು. ಹಂದರದಿಂದ ಬಂಡಿ ತಿರುಗಿ ಹೋದ ಹುಡುಗಿಗೆ ಮತ್ತೊಂದು ಗಂಡು ಸಿಗುವುದು ಆ ಕಾಲದಲ್ಲಿ ಸುಲಭವಿರಲಿಲ್ಲ. ನನಗೆ ಅವಳ ಮುಖ ನೋಡಲಾಗಲಿಲ್ಲ.

ನಾನು ಹಿತ್ತಲಿಗೆ ಓಡಿದೆ. ಗೌರವ್ವ ಒಲೆಯ ಹತ್ತಿರ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹಾಡ್ರಿ ಗೌರವ್ವ, ಯಾಕ ಹಾಡವಲ್ರಿ?" ಎಂದೆ.

"ಮುಂಬಯಿ ಸಾಹೇಬರ ಮುಂದ ಹ್ಯಾಂಗ ಹಾಡೂದ್ರಿ ಅಕ್ಕಾರ? ನಾಕ್ ಅಕ್ಷರ ಕಲ್ತವ್ರು ಬಂದಾರ, ಯಾರೂ ಬಾಯಿ ಬಿಡಬ್ಯಾಡ್ರಿ ಅಂತ ನಾನ ಎಲ್ಲಾರಿಗೂ ಹೇಳೇನಿ. ನಾಳಿ ಬಬಲೇಶ್ವರದ ಹೆಣಮಕ್ಕಳು ಬಾಯಿಬಡಕಿಯರು ಅಂತ ಪುಸ್ತಕದಾಗ ಬಂದ್ರ?"

ಬೈಗುಳ ಕೇಳಲು ಬಂದ ನಮ್ಮಿಂದಲೇ ಬೈಗುಳ ನಿಂತಿತ್ತು. ಪ್ರೊಫೆಸರರ ಹತ್ತಿರ ಹೋಗಿ ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

"ಹಾಗಾದರೆ ನಾನು ಹೊರಟುಬಿಡ್ತೀನಿ ಸುಮಿತ್ರಾ. ನನ್ನಿಂದ ಆ ಹುಡುಗಿಗೆ ತೊಂದರೆ ಆಗಬಾರದು," ಎಂದು ಟೊಪ್ಪಿಗೆ ಕೈಗೆತ್ತಿಕೊಂಡರು.

ಹಿಂದೆಯೇ ಬಂದಿದ್ದ ಹುಸೇನಬಿ ಅಡ್ಡ ನಿಂತಳು. "ಉಣ್ಣದ ಹೊಂಟ್ರ ಅದೊಂದು ಅವಮಾನ ಆಕ್ಕೈತ್ರಿ ಸಾಹೇಬರ. ಸುಮ್ಮ ಕುಂದರ್ರಿ. ಹೊರಗಿನವ್ರಂತ ತಿಳದು ಅವ್ರು ನಿಮಗ ಅಂಜ್ಯಾರ. ಮೊದಲ ನಿಮ್ಮನ್ನ ಯಾರರ ಬೈಬೇಕು, ಅಂಜಿಕಿ ಹೋಗತೈತಿ."

ಹೇಳಿದವಳು ನನ್ನ ಕಡೆ ತಿರುಗಿದಳು. ಅಲ್ಲಿ ಪ್ರೊಫೆಸರರನ್ನು ಬೈಯುವಷ್ಟು ಅವರ ಪರಿಚಯವಿದ್ದವಳು ನಾನೊಬ್ಬಳೇ. ಅವರ ಕೈಯಲ್ಲಿ ನನ್ನ ಸಂಬಳವಿತ್ತು. ಅಪ್ಪನ ಮುಖ ಕಣ್ಣ ಮುಂದೆ ಬಂತು, ಶಾಂತವ್ವನ ಬಳೆ ಹಿಡಿದ ಕೈಯೂ ಬಂತು. ತಿಂಗಳುಗಟ್ಟಲೆ ಬೀಸುವ ಹಾಡುಗಳಲ್ಲಿ ಕೇಳಿದ ಧಾಟಿ ಕಿವಿಯಲ್ಲಿತ್ತು. ಹಂದರದ ನಡುವೆ ನಿಂತು, ನನ್ನ ಒಡಕು ಗಂಟಲಿನಲ್ಲಿ ಎತ್ತಿಯೇಬಿಟ್ಟೆ:

ಮುಂಬಯಿ ಸಾಹೇಬಗ ಮೂಗಿನ ಮ್ಯಾಲ ಗಾಜ
ತಂಬಗಿ ಕೊಟ್ಟರ ತಲಿಗಿಟ್ಟ | ಹಂದರದ
ಕುಂಬಳಕಾಯಿಗೆ ಕೈಮುಗದ

ಎತ್ತು ಹೂಡುತ್ತಿದ್ದವರೂ ನಿಂತರು. ಎಲ್ಲರ ಕಣ್ಣು ಪ್ರೊಫೆಸರರ ಮೇಲೆ. ಅವರು ಕನ್ನಡಕ ಸರಿಮಾಡಿಕೊಂಡರು, ಟೊಪ್ಪಿಗೆಯನ್ನು ಪಕ್ಕಕ್ಕಿಟ್ಟರು, ಮುಂದಿದ್ದ ತಂಬಿಗೆಯ ನೀರನ್ನು ಚೆಲ್ಲಿ ಅದನ್ನು ಗಂಭೀರವಾಗಿ ತಲೆಯ ಮೇಲೆ ಬೋರಲು ಹಾಕಿಕೊಂಡರು. ಆಮೇಲೆ ಹಂದರದ ಕಂಬಕ್ಕೆ ಕಟ್ಟಿದ್ದ ಕುಂಬಳಕಾಯಿಗೆ ಸೊಂಟ ಬಗ್ಗಿಸಿ ಕೈಮುಗಿದರು.

ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗೌರವ್ವ ಒಲೆ ಬಿಟ್ಟು, ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು, ನೀಲವ್ವನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು:

ರೊಟ್ಟಿ ಬಡಿಯಂದರ ನಕಾಶಿ ಬರದಾಳ ಬೀಗತಿ
ಕಟ್ಟಿ ಮ್ಯಾಲಿನ ಕರಿಬೆಕ್ಕು | ಅದ ನೋಡಿ
ಹೊಟ್ಟಿ ಹಿಡಕೊಂಡು ನಕ್ಕೀತ

ನೀಲವ್ವನ ಮುಖ ಅರಳಿತು. ಅಷ್ಟು ಹೊತ್ತು ಅಂಗೈಯಲ್ಲೇ ಕರಗುತ್ತಿದ್ದ ಬೆಲ್ಲವನ್ನು ಬಾಯಿಗೆ ಎಸೆದುಕೊಂಡು ಎದ್ದಳು. "ಈಗ ಬಂದ್ಯಾ ಹಾದಿಗಿ, ನನ ಬೀಗತಿ," ಎಂದವಳೇ ಗೌರವ್ವನ ಸೀರೆ, ಜಡೆ, ಸಾರಿನ ಉಪ್ಪು ಎಲ್ಲವನ್ನೂ ಹಾಡಿಗೆ ಎಳೆದಳು. ಇಬ್ಬರೂ ಬೈಯುತ್ತಾ ಬೈಯುತ್ತಾ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡೇ ಹುಡುಗ ಹುಡುಗಿಯನ್ನು ಕರೆತಂದರು. ಅಕ್ಕಿಕಾಳು ಬಿದ್ದಾಗ ಶಾಂತವ್ವ ತಲೆ ತಗ್ಗಿಸಿ ನಗುತ್ತಿದ್ದಳು. ಊಟಕ್ಕೆ ಗೋದಿ ಬೆಲ್ಲದ ಮಾದಲಿ, ಅದರ ಮೇಲೆ ಧಾರಾಳ ತುಪ್ಪ. ಬಡಿಸುವವಳು ಪ್ರೊಫೆಸರರಿಗೆ "ತಿನ್ರಿ, ಕೋಟಿನಾಗ ಬರೇ ಎಲುಬ ಅದಾವು," ಎಂದಾಗ ಅವರು ಮತ್ತೊಮ್ಮೆ ಹಾಕಿಸಿಕೊಂಡರು.

ವಾಪಸು ಬಸ್ಸಿನಲ್ಲಿ ಪ್ರೊಫೆಸರರು ತಮ್ಮ ಹಾಳೆಗಳನ್ನು ಮತ್ತೆ ಮತ್ತೆ ತಿರುವಿದರು. ಕೊನೆಗೆ ಹೇಳಿದರು: "ಮದುವೆ ಮುರಿದುಬೀಳೋದರಲ್ಲಿದ್ದ ಆ ಒಂದು ಗಂಟೆಗೆ ನಮ್ಮ ಸ್ಕೇಲ್ ಸೊನ್ನೆ ಕೊಟ್ಟಿತು. ಎಲ್ಲರೂ ಅಷ್ಟು ಸಂತೋಷವಾಗಿದ್ದ ಗಂಟೆಗೆ ಅತಿ ಹೆಚ್ಚು ಅಂಕ ಕೊಡ್ತಾ ಇತ್ತು." ಹಾಗೆಂದು ಅವರು ಕೆಲಸ ಕೈಬಿಡಲಿಲ್ಲ. ಮೆಟ್ಟಿಲುಗಳ ಪಕ್ಕದಲ್ಲಿ ಹೊಸದೊಂದು ಪ್ರಶ್ನೆ ಸೇರಿಸಿದರು: ಬೈಸಿಕೊಂಡವರಿಗೆ ಇದು ನೋವೋ, ನಲಿವೋ, ಬೈಯದಿದ್ದರೆ ಅವರಿಗೆ ಏನನಿಸುತ್ತಿತ್ತು? ಮುಂದಿನ ತಿಂಗಳುಗಳಲ್ಲಿ ನಾನು ಜಗಳ ನೋಡುವುದರ ಜೊತೆಗೆ ಜಗಳವಾಡಿದವರ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವುದನ್ನೂ ಕಲಿತೆ. ಮನುಷ್ಯರ ಸಿಟ್ಟನ್ನು ಅಳೆಯುವ ಮೊದಲು, ಅವರ ಸಲಿಗೆ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂದು ತಿಳಿದುಕೊಳ್ಳಬೇಕೆಂಬುದನ್ನು ಈ ವೃತ್ತಿ ನನಗೆ ಕಲಿಸಿದ್ದು ಆ ಹಂದರದಲ್ಲಿ.

ಹಲವು ವರ್ಷಗಳ ನಂತರ ಪ್ರೊಫೆಸರರು ನಿವೃತ್ತರಾದರು. ಮುಂಬಯಿಯ ದೊಡ್ಡ ಸಭಾಂಗಣದಲ್ಲಿ ಬೀಳ್ಕೊಡುಗೆ. ಒಬ್ಬರಾದ ಮೇಲೊಬ್ಬರು ಎದ್ದು ಅವರನ್ನು ಪೂಜ್ಯರು, ಧೀಮಂತರು, ಮಾರ್ಗದರ್ಶಕರು ಎಂದು ಹೊಗಳಿದರು. ಶಾಲು ಬಂತು, ಹಾರ ಬಂತು. ಅವರು ಹಾರದ ನಡುವೆ ಕುಳಿತು ಸಣ್ಣಗೆ ಬಾಡುತ್ತಿದ್ದರು. ನನ್ನ ಸರದಿ ಬಂದಾಗ, ನಾನು ಮೈಕಿನ ಕಡೆ ಹೋಗುತ್ತಿದ್ದಂತೆ ಕೈಸನ್ನೆ ಮಾಡಿ ಹತ್ತಿರ ಕರೆದರು.

"ಬೆಳಗಿನಿಂದ ಯಾರೂ ನನ್ನ ಬೈಯಲೇ ಇಲ್ಲವಲ್ಲ, ಸುಮಿತ್ರಾ," ಎಂದರು.

ಬರೆದು ತಂದಿದ್ದ ಭಾಷಣವನ್ನು ಮಡಚಿ ಪರ್ಸಿನಲ್ಲಿಟ್ಟೆ. ಮುಂದಿನ ಸಾಲಿನ ಗಣ್ಯರೆಲ್ಲ ತಲೆಯೆತ್ತಿ ನೋಡುತ್ತಿರುವಾಗ, ಬಬಲೇಶ್ವರದ ಧಾಟಿಯಲ್ಲಿ, ಇನ್ನಷ್ಟು ಒಡೆದುಹೋಗಿದ್ದ ಗಂಟಲಿನಲ್ಲಿ, ಮುಂಬಯಿ ಸಾಹೇಬನ ಮೂಗಿನ ಮೇಲಿನ ಗಾಜಿನಿಂದಲೇ ಶುರುಮಾಡಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವರು ಮೇಜಿನ ಮೇಲೆ ತಂಬಿಗೆ ಹುಡುಕುತ್ತಿದ್ದರು.