ಎರಡು ಸೆಕೆಂಡಿನ ಉತ್ತರ

ಆ ಕಂಪನಿಯ ದೊಡ್ಡ ಹಾಲ್‌ನ ಗೋಡೆಯ ಮೇಲೆ ಹನ್ನೊಂದು ಕಂಪ್ಯೂಟರ್ ಪರದೆಗಳಿದ್ದವು. ದಿನಾ ಬೆಳಿಗ್ಗೆ ಹತ್ತಕ್ಕೆ ಅಕ್ಕ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಹಿಡಿದು ಬಂದು ಎಡಗಡೆಯಿಂದ ಶುರುಮಾಡುತ್ತಿದ್ದಳು. ವಯಸ್ಸು ಐವತ್ತೊಂಬತ್ತು, ಆದರೂ ಮ್ಯಾನೇಜರಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಅಕ್ಕನೇ. ಹತ್ತು ಪರದೆ ಚಕಚಕ ಒರೆಸಿ ಮುಗಿಸುವವಳು ಹನ್ನೊಂದನೆಯದರ ಮುಂದೆ ನಿಂತರೆ ನಿಂತಳೇ.

"ಅಕ್ಕಾ, ಗಾಜು ಸವೆದುಹೋಗುತ್ತೆ ಬಿಡಿ," ಎಂದು ಅಲ್ಲಿನವರು ರೇಗಿಸುತ್ತಿದ್ದರು.

"ಸವೆದ್ರೆ ಸವೀಲಿ, ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?"

ಆ ಕಂಪನಿಯ ಕೆಲಸ ಮೆಸೇಜು ದಾಟಿಸುವುದು. ಆಸ್ಪತ್ರೆಗಳ ಕಂಪ್ಯೂಟರು ಆಡುವ ಭಾಷೆ ಒಂದು, ಔಷಧಿ ಗೋದಾಮಿನ ಕಂಪ್ಯೂಟರಿಗೆ ತಿಳಿಯುವ ಭಾಷೆ ಇನ್ನೊಂದು. ಇವರ ಸಾಫ್ಟ್‌ವೇರು ನಡುವೆ ಕೂತು, ಆಸ್ಪತ್ರೆ ಕೇಳಿದ್ದನ್ನು ಗೋದಾಮಿಗೆ ಅರ್ಥವಾಗುವ ಹಾಗೆ ಬರೆದು ಮುಟ್ಟಿಸಬೇಕು. ಆರು ಆಸ್ಪತ್ರೆಗೆ ಆರು ದಾರಿ, ನಿಮಿಷಕ್ಕೆ ನಾಲ್ಕು ಸಾವಿರ ಮೆಸೇಜು. ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು, ಎಲ್ಲಾದರೂ ಸಾಲುಗಟ್ಟಿ ನಿಂತಿವೆಯೋ ಎಂದು ಕಣ್ಣಿಟ್ಟು ಕಾಯುವುದೇ ಆ ಹಾಲ್‌ನಲ್ಲಿ ಕೂತವರ ಉದ್ಯೋಗ.

ಹದಿನಾರು ವರ್ಷ ಹಾಗೆ ಕಾದವರು ಅಕ್ಕನ ಯಜಮಾನರು. ದಾರಿ ಸರಿಯಿದೆಯೇ ಎಂದು ತಿಳಿಯಲು ಅವರೊಂದು ಉಪಾಯ ಮಾಡಿದ್ದರು. ಐದು ನಿಮಿಷಕ್ಕೊಮ್ಮೆ ತಾವೇ ಒಂದು ಪುಟ್ಟ ಮೆಸೇಜು ಬಿಡುವುದು. ಅದು ಆರೂ ದಾರಿ ಸುತ್ತಿ, ಕೊನೆಯ ಕಂಪ್ಯೂಟರಿನಿಂದ ಉತ್ತರ ತರಬೇಕು. ಎರಡು ಸೆಕೆಂಡಿನಲ್ಲಿ ಬಂದರೆ ಎಲ್ಲ ಕ್ಷೇಮ. ಬೇರೆಯವರಾಗಿದ್ದರೆ ಅದರಲ್ಲಿ ಒಂದು ಎರಡು ಮೂರು ಅಂತ ಬರೆಯುತ್ತಿದ್ದರೇನೋ. ಇವರು ಬರೆದದ್ದು "ಊಟ ಆಯ್ತಾ?" ಅಂತ. ಆ ಕಡೆಯ ಯಂತ್ರ ತಾನಾಗಿಯೇ "ಆಯ್ತು" ಅನ್ನಬೇಕು. ಈ ಮಾತು, ಪಕ್ಕದಲ್ಲಿ ಹಿಡಿದ ಸೆಕೆಂಡು ಪರದೆಯ ಮೇಲೆ ಒಂದು ಸಾಲಾಗಿ ಬರುತ್ತಿತ್ತು; ಬೇರೇನು ಬಂದರೂ, ಒಂದು ನಿಮಿಷ ದಾಟಿದರೂ ಆ ಸಾಲು ಕೆಂಪಾಗುತ್ತಿತ್ತು.

ಅದು ಮನೆಯ ಮಾತು. ದಿನಾ ಮಧ್ಯಾಹ್ನ ಒಂದೂವರೆಗೆ ಫೋನು ಮಾಡಿ ಅವರು ಕೇಳುತ್ತಿದ್ದದ್ದು ಇದೊಂದೇ. ಅವಳೂ "ಆಯ್ತು" ಅನ್ನುತ್ತಿದ್ದಳು. ಆಗಿರುತ್ತಿರಲಿಲ್ಲ. ಇಲ್ಲ ಅಂದರೆ ಅವರು ತಮ್ಮ ಡಬ್ಬಿ ಬಿಚ್ಚುವವರಲ್ಲ. ನಾಲ್ಕು ಗಂಟೆಗೆ ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳುವ ತನಕ ಇವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಈ ಸುಳ್ಳು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ.

ಅವರು ಹೋದ ಮೇಲೆ ಕಂಪನಿ ಅವಳಿಗೆ ಈ ಒರೆಸುವ ಕೆಲಸ ಕೊಟ್ಟಿತು. ಮೂರನೇ ಕ್ಲಾಸಿನ ಓದು. ಅಂಕಿ ಬರುತ್ತಿತ್ತು, ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಮೊದಲ ದಿನವೇ ಹನ್ನೊಂದನೆಯ ಪರದೆಯ ತಳದಲ್ಲಿ ಆ ಸಾಲು ಕೂಡಿಸಿ ಓದಿದಳು. ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ಅದಾಗಿ ಐದು ವರ್ಷ.

ಒಂದು ಸೋಮವಾರ ಇಂಜಿನಿಯರ್ ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ಗುಂಗುರು ಕೂದಲು, ಮಾತು ಮೆತ್ತಗೆ.

"ಅಕ್ಕಾ, ಹೊಸ ಸಾಫ್ಟ್‌ವೇರ್ ಬಂದಿದೆ. ಶುಕ್ರವಾರ ಸಾಯಂಕಾಲ ನಾಲ್ಕಕ್ಕೆ ಈ ಸಾಲು ತೆಗೀಬೇಕು. ನಿಮಗೆ ಹೇಳ್ದೆ ತೆಗೆಯೋಕೆ ಮನಸ್ಸಾಗ್ಲಿಲ್ಲ."

"ಅದು ಯಾರಿಗಾದ್ರೂ ಅಡ್ಡ ಬಂದಿತ್ತೇನಮ್ಮ?"

"ಅಡ್ಡ ಅಲ್ಲ. ಹೊಸದು ಎಲ್ಲಾ ಮೆಸೇಜಿನ ಸರಾಸರಿ ಹೊತ್ತು ತೋರಿಸುತ್ತೆ. ಇದು ಬೇಕಾಗಲ್ಲ."

ಅಕ್ಕ ಒದ್ದೆ ಬಟ್ಟೆ ಹಿಂಡಿಕೊಂಡಳು. ಅವತ್ತು ಆ ಗಾಜನ್ನು ಎರಡು ಸಲ ಒರೆಸಿದಳು.

ಬುಧವಾರ ಹೊಸ ಸಾಫ್ಟ್‌ವೇರು ಬಂದ ಪರದೆಗಳೆಲ್ಲ ಹಸಿರು. ಅವಳ ಸಾಲಿನ ಪಕ್ಕ ಮಾತ್ರ ಎರಡರ ಜಾಗದಲ್ಲಿ ಒಂಬತ್ತು ಇತ್ತು. ಬಟ್ಟೆ ಹೆಗಲಿಗೆ ಹಾಕಿಕೊಂಡು ಐದು ನಿಮಿಷ ಕಾದಳು. ಹದಿಮೂರು. ಇನ್ನೈದು ನಿಮಿಷ ಕಾದಳು. ಹತ್ತೊಂಬತ್ತು.

"ಮಗಾ, ಅವರು ಯಾವತ್ತೂ ಇಷ್ಟು ಹೊತ್ತು ಮಾಡಿದವರಲ್ಲ."

"ಯಾರಕ್ಕಾ?" ಹುಡುಗಿ ಹತ್ತಿರ ಬಂದಳು.

"ಅದೇ... ಮೆಸೇಜು."

ಮ್ಯಾನೇಜರು ಕುರ್ಚಿಯಿಂದಲೇ ಕೂಗಿದರು: "ಅಕ್ಕಾ, ಸರಾಸರಿ ಒಂದೂವರೆ ಸೆಕೆಂಡಿದೆ, ಎಲ್ಲಾ ಹಸಿರಾಗಿದೆ. ನೀವು ಪರದೆ ಮೇಲಿಂದು ಒರೆಸಿ, ಒಳಗಿಂದು ನಾವು ನೋಡ್ಕೋತೀವಿ."

"ನೋಡ್ಕೊಳ್ಳಿ ಸಾರ್, ಬೇಡ ಅಂದೋರ್ಯಾರು? ಅದನ್ನೇ ನೋಡಿ ಅಂತಿರೋದು."

ಹುಡುಗಿ ಒಂದೊಂದೇ ದಾರಿ ತೆರೆದು ನೋಡಿದಳು. ಐದು ದಾರಿ ಚೆನ್ನಾಗಿದ್ದವು. ಆರನೆಯದು ಒಂದು ಚಿಕ್ಕ ಆಸ್ಪತ್ರೆಯದು. ಅಲ್ಲಿ ಮುನ್ನೂರ ಹತ್ತು ಮೆಸೇಜು ಒಂದರ ಹಿಂದೊಂದು ಸಿಕ್ಕಿಕೊಂಡಿದ್ದವು. ಉಳಿದ ಐದು ದಾರಿಯ ಸಾವಿರಾರು ಚುರುಕು ಮೆಸೇಜುಗಳ ಸರಾಸರಿಯಲ್ಲಿ ಈ ಮುನ್ನೂರು ಹೇಳಹೆಸರಿಲ್ಲದೆ ಮುಚ್ಚಿಹೋಗಿದ್ದವು. ಆರೂ ದಾರಿ ತುಳಿದು ಬರುತ್ತಿದ್ದ ಪುಟ್ಟ ಮೆಸೇಜಿಗೆ ಮಾತ್ರ ಅದು ತಗುಲಿತ್ತು. ಊಟದ ಹೊತ್ತಿಗೆ ದಾರಿ ಬಿಡಿಸಿದರು. ಸಾಲಿನ ಪಕ್ಕ ಮತ್ತೆ ಎರಡು ಬಂತು.

ಮ್ಯಾನೇಜರು ತಾವಾಗಿ ಎದ್ದು ಬಂದರು. "ತಪ್ಪಾಯ್ತು ಅಕ್ಕಾ. ಯಜಮಾನರ ಕಣ್ಣು ಇನ್ನೂ ಇಲ್ಲೇ ಇದೆ."

ಅಕ್ಕ ಬಟ್ಟೆ ಕೆಳಗಿಟ್ಟಳು. "ಹಂಗಾದ್ರೆ ಆ ಸಾಲು ಇರುತ್ತಾ ಸಾರ್?"

ಅವರು ತಲೆ ಕೆರೆದುಕೊಂಡರು. "ಉಪಾಯ ಉಳಿಸ್ಕೋತೀವಿ. ಹೊಸದ್ರಲ್ಲೂ ಆರೂ ದಾರಿ ಸುತ್ತೋ ಹಂಗೆ ಒಂದು ಬಿಡ್ತೀವಿ. ಆದ್ರೆ ಅದರಲ್ಲಿ ಬರೀ ನಂಬರ್ ಇರಬೇಕು ಅಂತ ಆಸ್ಪತ್ರೆಯವರ ನಿಯಮ. ಮಾತು ಉಳಿಸೋಕೆ ನನ್ನ ಕೈಲಾಗಲ್ಲ."

ಶುಕ್ರವಾರ ಮೂರೂವರೆಗೆ ಅಕ್ಕ ಹುಡುಗಿಯ ಮೇಜಿನ ಹತ್ತಿರ ಹೋದಳು.

"ಒಂದು ಕೇಳ್ತೀನಿ, ಆಗಲ್ಲ ಅಂದ್ರೆ ಆಗಲ್ಲ ಅನ್ನು. ಕೊನೇ ಸಲ ಕೇಳ್ದಾಗ ಆ ಯಂತ್ರ ಬಾಯಿ ಮುಚ್ಕೊಂಡಿರ್ಲಿ. ಉತ್ತರ ನಾನು ಹೇಳ್ತೀನಿ."

ಹುಡುಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಏನೇನೋ ಒತ್ತಿ, ಕುರ್ಚಿ ಎಳೆದು ಕೂರಿಸಿದಳು. ಅಕ್ಕ ಎರಡೂ ಕೈಯನ್ನು ಒಣ ಬಟ್ಟೆಯಲ್ಲಿ ಬೆರಳು ಬೆರಳು ಒರೆಸಿಕೊಂಡಳು.

ಮೂರು ಐವತ್ತೈದಕ್ಕೆ ಸಾಲು ಬಂತು. ಊಟ ಆಯ್ತಾ?

ಎರಡು ಸೆಕೆಂಡು ದಾಟಿತು. ಹತ್ತು ದಾಟಿತು. ಅಕ್ಕ ಒಂದೊಂದೇ ಅಕ್ಷರ ಹುಡುಕಿ ಒಂದೇ ಬೆರಳಿನಲ್ಲಿ ಒತ್ತುತ್ತಿದ್ದಳು. ಒತ್ತಕ್ಷರ ಎಲ್ಲಿ ಎಂದು ಕೇಳಿದಾಗ ಹುಡುಗಿ ತೋರಿಸಿದಳು. ಅರವತ್ತಕ್ಕೆ ಸಾಲು ಕೆಂಪಾಯಿತು. ಹಾಲ್‌ನಲ್ಲಿದ್ದವರೆಲ್ಲ ಕತ್ತೆತ್ತಿದರು. ನೂರು ದಾಟಿತು, ನೂರೈವತ್ತು ದಾಟಿತು. ಅವಳು ಅವಸರ ಮಾಡಲಿಲ್ಲ.

ಇಲ್ಲ. ನೀವು ಬನ್ನಿ.

ಇನ್ನೂರ ನಾಲ್ಕು ಸೆಕೆಂಡು. ಸಾಲು ಕೆಂಪಾಗಿಯೇ ಇತ್ತು.

"ಏನದು ಕೆಂಪು?" ಮ್ಯಾನೇಜರು ಒಳಗಿನಿಂದ ಕೇಳಿದರು.

"ಉತ್ತರ ಬಂದಿದೆ ಸಾರ್," ಅಂದಳು ಹುಡುಗಿ. "ಸ್ವಲ್ಪ ತಡ ಆಯ್ತು, ಅಷ್ಟೇ."

ಅಕ್ಕ ಕುರ್ಚಿಯನ್ನು ಮೊದಲಿದ್ದಲ್ಲಿಗೆ ಸರಿಸಿ, ಮೂಲೆಯಲ್ಲಿಟ್ಟಿದ್ದ ಚೀಲದಿಂದ ಊಟದ ಡಬ್ಬಿ ತೆಗೆದಳು. ಗಂಟೆ ನಾಲ್ಕಾಗಿತ್ತು.