ಏಳು ನಿಮಿಷದ ಊಟ

ಕಾಯುವುದು ನನ್ನಿಂದ ಆಗದ ಕೆಲಸ. ಬ್ಯಾಂಕಿನಲ್ಲಿ ನನ್ನ ಮುಂದೆ ಮೂವರು ನಿಂತಿದ್ದರೆ ನಾಳೆ ನೋಡುವ ಎಂದು ಹೊರಟುಬಿಡುತ್ತೇನೆ. ಕುಕ್ಕರು ಮೂರನೇ ಸೀಟಿ ಹೊಡೆಯುವ ಮೊದಲೇ ಗ್ಯಾಸ್ ಆರಿಸಿ, ಅರೆಬೆಂದ ಬೇಳೆಯ ಸಾರಿಗೆ ಗಂಡನಿಂದ ಮಾತು ಕೇಳಿದ್ದೇನೆ, ಒಂದಕ್ಕೆ ನಾಲ್ಕು ತಿರುಗಿಸಿ ಹೇಳಿಯೂ ಇದ್ದೇನೆ. ಇದು ಅಪ್ಪನ ಕಡೆಯಿಂದ ಬಂದದ್ದು ಎಂದು ಅಮ್ಮ ಹೇಳುತ್ತಾಳೆ. ಇರಬಹುದು. ಅಪ್ಪ ಮೂವತ್ತೊಂದು ವರ್ಷ ಉಡುಪಿ, ಮಣಿಪಾಲ, ಕಾರ್ಕಳ ಎಂದು ಖಾಸಗಿ ಬಸ್ಸು ಓಡಿಸಿದವರು. ಹಿಂದಿನ ಬಸ್ಸು ಬೆನ್ನಿಗೇ ಇರುತ್ತಿತ್ತು, ಮುಂದಿನ ಬಸ್ಸು ಹಿರಿಯಡ್ಕದ ಜನರನ್ನೆಲ್ಲ ಹೊತ್ತುಕೊಂಡು ಹೋಗಿರುತ್ತಿತ್ತು. ಆ ಎರಡರ ನಡುವೆ ಅವರ ಆಯುಷ್ಯ ಕಳೆಯಿತು.

ನಮ್ಮ ಮನೆ ಕಾಪುವಿನಲ್ಲಿ. ನನ್ನನ್ನು ಕೊಟ್ಟದ್ದು ಕಾರ್ಕಳಕ್ಕೆ. ಹಾಗಾಗಿ ಅಪ್ಪನ ಬಸ್ಸು ತಿರುಗುವ ಊರೇ ನನ್ನ ಗಂಡನ ಊರಾಯಿತು. ಮಧ್ಯಾಹ್ನ ಬಸ್ಸು ಕಾರ್ಕಳದಲ್ಲಿ ಏಳು ನಿಮಿಷ ನಿಲ್ಲುತ್ತಿತ್ತು. ವಾರಕ್ಕೆ ಎರಡು ದಿನವಾದರೂ ನಾನು ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ಓಡುತ್ತಿದ್ದೆ. ಅಪ್ಪ ಸೀಟಿನಿಂದ ಇಳಿಯುತ್ತಿರಲಿಲ್ಲ. ಪಕ್ಕದ ಎಂಜಿನ್ ಡಬ್ಬದ ಮೇಲೆ ತಟ್ಟೆ ಇಟ್ಟು, ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆಯ ಸಾರು ಸುರಿದುಕೊಂಡು, ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟು ಉಣ್ಣುತ್ತಿದ್ದರು. "ಇನ್ನೊಂದು ಸೌಟು ಹಾಕಲಾ ಅಪ್ಪ?" ಎಂದು ನಾನು ಪ್ರತಿ ಸಲ ಕೇಳುತ್ತಿದ್ದೆ. ಅವರು ಬಾಯಿ ತುಂಬ ಅನ್ನ ಇಟ್ಟುಕೊಂಡು ತಲೆ ಅಲ್ಲಾಡಿಸುತ್ತಿದ್ದರು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದುತ್ತಿದ್ದ. ಎರಡನೇ ಸಲ ಬಡಿಸಿದ್ದು ನನಗೆ ನೆನಪಿಲ್ಲ.

ಕೊನೆಯ ವರ್ಷಗಳಲ್ಲಿ ಅವರು ಒಂದೇ ಒಂದು ಆಸೆ ಹೇಳಿಕೊಂಡಿದ್ದರು. ಮಣಿಪಾಲದ ಸ್ಟಾಪಿನ ಹತ್ತಿರ ಒಂದು ಬಾರ್ಬೆಕ್ಯೂ ಹೋಟೆಲು ಬಂದಿತ್ತು. ಮೇಜಿನ ನಡುವೆಯೇ ಕೆಂಡ, ಅದರ ಮೇಲೆ ಕಂಬಿಗೆ ಚುಚ್ಚಿದ ಕೋಳಿ, ಸಿಗಡಿ, ಅನಾನಸು. ಸಂಜೆಯ ಟ್ರಿಪ್ಪಿನಲ್ಲಿ ಆ ಹೊಗೆಯ ವಾಸನೆ ಬಸ್ಸಿನೊಳಗೆ ಬರುತ್ತಿತ್ತಂತೆ. "ಒಮ್ಮೆ ಅಲ್ಲಿ ಕೂತು ತಿನ್ನಬೇಕು" ಎನ್ನುತ್ತಿದ್ದರು. ತಿನ್ನಬೇಕು ಎನ್ನುವುದಕ್ಕಿಂತ ಕೂತು ಎನ್ನುವುದನ್ನು ಒತ್ತಿ ಹೇಳುತ್ತಿದ್ದರು.

ಅವರು ಕೆಲಸ ಬಿಟ್ಟ ಮೇಲೆ ನಾನೇ ಕರೆದುಕೊಂಡು ಹೋದೆ. ಟೇಬಲಿಗೆ ಮೊದಲೇ ಹೇಳಿಟ್ಟಿರಲಿಲ್ಲ. ಬಾಗಿಲಲ್ಲಿ ಒಂದು ಟೋಕನ್ ಕೊಟ್ಟು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಟೋಕನನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಗಾಜಿನ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಇಪ್ಪತ್ತು ನಿಮಿಷ, ಮೂವತ್ತು, ನಲವತ್ತು. ನನ್ನ ಪಿತ್ತ ನೆತ್ತಿಗೇರಿತು. ಬಾಗಿಲಿನವನ ಹತ್ತಿರ ನಾಲ್ಕು ಜನ ತಿರುಗಿ ನೋಡುವ ಹಾಗೆ ಜಗಳವಾಡಿ, ಅಪ್ಪನ ಕೈಯಿಂದ ಟೋಕನ್ ಕಿತ್ತು ಅವನ ಮೇಜಿನ ಮೇಲೆ ಬಿಸಾಡಿ, ಎದುರಿನ ಹೋಟೆಲಿಗೆ ಎಳೆದುಕೊಂಡು ಹೋದೆ. ಅಪ್ಪ ಗೋಳಿಬಜೆ ತಿಂದು ಚಾ ಕುಡಿದರು. ಏಳು ನಿಮಿಷವೂ ಆಗಲಿಲ್ಲ. "ಪರವಾಗಿಲ್ಲ, ಇನ್ನೊಮ್ಮೆ ಹೋಗುವ" ಎಂದರು. ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ, ಪೇಪರ್ ಓದುತ್ತಾ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು.

ನಮ್ಮ ಕಡೆ ತೀರಿಹೋದವರಿಗೆ ದೀಪಾವಳಿಯ ಹೊತ್ತಿಗೆ ಬಡಿಸುವ ಕ್ರಮ ಉಂಟು. ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಇಟ್ಟು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಅವರು ಉಣ್ಣುವಾಗ ನಾವು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಬಾಗಿಲು ತೆರೆದು, ಆ ಎಲೆಯದ್ದನ್ನು ನಾವು ಹಂಚಿಕೊಂಡು ತಿನ್ನುತ್ತೇವೆ. ಆ ವರ್ಷ ಅಮ್ಮ ಕೋಳಿ ಸಾರು, ರೊಟ್ಟಿ ಎಲ್ಲ ಮಾಡಿ ಬಡಿಸಿದಳು. ಬಾಗಿಲು ತೆರೆದು ಎಲೆ ನೋಡಿದವಳೇ "ಮುಟ್ಟಲಿಲ್ಲ" ಎಂದಳು. ತೀರಿಹೋದವರು ಯಾವಾಗ ಎಲೆ ಖಾಲಿ ಮಾಡಿ ಎದ್ದದ್ದುಂಟು ಎಂದು ನಾನು ಕೇಳಬೇಕೆಂದಿದ್ದೆ. ಅಮ್ಮನ ಮುಖ ನೋಡಿ, ಎಲೆಯದ್ದನ್ನು ಹಂಚಲು ಕೂತೆ. ಅಪ್ಪ ಹೋದ ದಿನದಿಂದ ಅವಳು ಮೀನು ಮಾಂಸ ಮುಟ್ಟಿರಲಿಲ್ಲ. ಆ ದಿನವೂ ಮುಟ್ಟಲಿಲ್ಲ. "ಅವರು ಕೇಳಿದ್ದು ಇದನ್ನಲ್ಲ. ಅದನ್ನು ಅವರಿಗೆ ಬಡಿಸದೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ" ಎಂದಳು. ಟೋಕನಿನ ಕತೆ ಅವಳಿಗೆ ಗೊತ್ತಿತ್ತು. ನನ್ನ ಮೇಲೆ ಒಂದು ಮಾತೂ ಆಡಿರಲಿಲ್ಲ, ಅದೇ ನನಗೆ ಚುಚ್ಚುತ್ತಿತ್ತು. ಬಡವಾಗಿದ್ದಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ದುಬೈಯಲ್ಲಿರುವ ತಮ್ಮ ರಜೆಯಲ್ಲಿ ಬಂದಿದ್ದ. ಮರಳಿ ಹೋಗುವ ಹಿಂದಿನ ಭಾನುವಾರ ಅಪ್ಪನಿಗೆ ಬಡಿಸುವ ಈ ಕೆಲಸ ಮುಗಿಸಿಬಿಡುವುದೆಂದು ನಿಶ್ಚಯಿಸಿದೆವು. ಅವನು ಹೋಟೆಲಿಗೆ ಫೋನ್ ಮಾಡಿ ಒಂದು ಪಾರ್ಸೆಲ್ ಕೇಳಿದ. ಬಫೆಗೆ ಪಾರ್ಸೆಲ್ ಕೊಡುವುದಿಲ್ಲ ಎಂದರು. ಎರಡು ತುಂಡು ಡಬ್ಬಿಯಲ್ಲಿ ಹಾಕಿ ಬ್ಯಾಗಿನಲ್ಲಿ ತಂದರಾಯಿತು ಎಂದು ನಾನೆಂದೆ. "ಅವರಿಗೆ ಕದ್ದ ಊಟ ಬಡಿಸುವುದಾ?" ಎಂದು ಅಮ್ಮ ಕೇಳಿದಳು. ಕೊನೆಗೆ ಮಣಿಪಾಲದಲ್ಲಿ ಓದುತ್ತಿರುವ ನನ್ನ ಮಗಳು ಫೋನಿನಲ್ಲೇ ಮಧ್ಯಾಹ್ನದ ಊಟಕ್ಕೆ ಟೇಬಲ್ ಹಿಡಿದಳು. ನಾವು ನಾಲ್ಕು ಜನ. ಹಿಡಿದದ್ದು ಐವರಿಗೆ.

ಭಾನುವಾರ ಒಳಗೆ ಕಾಲಿಡಲು ಜಾಗ ಇರಲಿಲ್ಲ. ಪ್ರತಿ ಮೇಜಿನಲ್ಲೂ ಹೊಗೆ, ಮಕ್ಕಳ ಕಿರುಚಾಟ, ಕಂಬಿಗಳ ಟಣಟಣ. ಮೇಜಿನ ಮೇಲೆ ಒಂದು ಪುಟ್ಟ ಬಾವುಟ ನಿಲ್ಲಿಸಿದ್ದರು. ಅದು ನಿಂತಿರುವವರೆಗೆ ಕಂಬಿಗಳನ್ನು ತಂದು ಹಾಕುತ್ತಲೇ ಇರುತ್ತಾರೆ, ಸಾಕೆಂದಾಗ ಮಲಗಿಸಬೇಕು ಎಂದು ಮಗಳು ಅಜ್ಜಿಗೆ ವಿವರಿಸಿದಳು. ನಮಗೆ ಬಡಿಸಲು ಬಂದವನು ಬಾಗಲಕೋಟೆ ಕಡೆಯವನು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ಇನ್ನೊಬ್ರು ಬರೋರು ಅದಾರೇನ್ರಿ?" ಎಂದು ಕೇಳಿದ.

"ಬರ್ತಾರೆ. ಬಸ್ಸಿನಲ್ಲಿ" ಎಂದ ತಮ್ಮ. ಮಗಳು ಮುಖ ಮುಚ್ಚಿಕೊಂಡಳು.

ಅಮ್ಮ ಚೀಲದಿಂದ ತೊಳೆದು ಮಡಚಿದ ಬಾಳೆಲೆಯ ತುಂಡು ತೆಗೆದು ಐದನೇ ತಟ್ಟೆಯ ಮೇಲೆ ಹಾಸಿದಳು. ಪಕ್ಕದಲ್ಲಿ ಶಂಕರಪುರದ ಮಲ್ಲಿಗೆಯ ಒಂದು ತುಂಡು ಮಾಲೆ ಇಟ್ಟಳು. ಕೋಳಿಯದ್ದು ಎರಡು, ಸಿಗಡಿ ಎರಡು, ಮೀನಿನದ್ದೊಂದು ತುಂಡು ತಾನೇ ಕಂಬಿಯಿಂದ ಬಿಡಿಸಿ ಬಡಿಸಿದಳು. ದೀಪ ಹಚ್ಚುವ ಹಾಗಿಲ್ಲವಲ್ಲ ಎಂದು ನಾನು ಗೊಣಗಿದೆ. "ಎದುರಿಗೇ ಕೆಂಡ ಉಂಟಲ್ಲ, ಸಾಕು" ಎಂದು ಕೈಮುಗಿದು ಕಣ್ಣು ಮುಚ್ಚಿದಳು. ಪಕ್ಕದ ಮೇಜಿನಲ್ಲಿ ಯಾರದ್ದೋ ಹುಟ್ಟುಹಬ್ಬ. ಐದಾರು ಜನ ಬಡಿಸುವವರು ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. ಅಮ್ಮ ಕಣ್ಣು ತೆರೆಯಲಿಲ್ಲ. ತೆರೆದ ಮೇಲೆ ಹೇಳಿದಳು:

"ಏಳಿ ಎಲ್ಲರೂ. ಹೊರಗೆ ಹೋಗುವ."

"ಎಂತ? ಎಲ್ಲರೂ ಎದ್ದರೆ ಟೇಬಲ್ ಹೋಗ್ತದೆ ಮಾರಾಯ್ತಿ!" ಎಂದೆ. ಅಮ್ಮನಿಗೇ ಹಾಗೆ ಹೇಳಿಬಿಟ್ಟೆ.

"ನಾನು ಇಲ್ಲೇ ಕಂಬದ ಹಿಂದೆ ನಿಲ್ತೇನೆ" ಎಂದ ತಮ್ಮ.

"ನಾವು ನೋಡ್ತಾ ಇದ್ದರೆ ಅವರು ತಿನ್ನುವುದಾ?" ಎಂದು ಅಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಟೇಬಿಟ್ಟಳು.

ನನಗೆ ಅಳು, ಸಿಟ್ಟು, ನಾಚಿಕೆ ಎಲ್ಲ ಒಟ್ಟಿಗೆ ಬಂತು. ಏನು ಸುಳ್ಳು ಹೇಳುವುದೆಂದು ಹೊಳೆಯದೆ, ಆ ಬಾಗಲಕೋಟೆಯವನನ್ನು ನಿಲ್ಲಿಸಿ ಇದ್ದದ್ದನ್ನು ಹೇಳಿದೆ. "ನಮ್ಮ ತಂದೆ ಊಟಕ್ಕೆ ಕೂತಿದ್ದಾರೆ. ನಾವು ಸ್ವಲ್ಪ ಹೊರಗೆ ಹೋಗಿ ಬರ್ತೇವೆ." ಅವನು ಖಾಲಿ ಕುರ್ಚಿ ನೋಡಿದ, ಬಾಳೆಲೆ ನೋಡಿದ, ಮಲ್ಲಿಗೆ ನೋಡಿದ. "ಹೂನ್ರಿ" ಎಂದ. ಅವನಿಗೆ ಎಷ್ಟು ಅರ್ಥವಾಯಿತೋ ತಿಳಿಯಲಿಲ್ಲ. ಅಷ್ಟರಲ್ಲಿ ಯಾರೋ ಕರೆದರು, ಓಡಿದ.

ಹೊರಗೆ ಟೋಕನ್ ಹಿಡಿದವರ ಗುಂಪು. ಗಾಜಿನ ಬಾಗಿಲಿಗೆ ಬೆನ್ನು ಹಾಕಿ ನಾಲ್ವರೂ ಸಾಲಾಗಿ ನಿಂತೆವು. ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮೊಬೈಲಿನಲ್ಲಿ ಗಂಟೆ ನೋಡಿದೆ. ಮತ್ತೆ ನೋಡಿದೆ, ನಿಮಿಷ ಬದಲಾಗಿರಲಿಲ್ಲ. ಈ ಹೊತ್ತಿಗೆ ತಟ್ಟೆ ತೆಗೆದಿರುತ್ತಾರೆ, ಮೇಜು ಒರೆಸಿರುತ್ತಾರೆ, ಎಲೆ ಕಸದ ಬುಟ್ಟಿಗೆ ಹೋಗಿರುತ್ತದೆ. ಅಮ್ಮ ಅದನ್ನು ನೋಡಿದರೆ? ತಮ್ಮ ನಾಡಿದ್ದು ದುಬೈಗೆ ಹೋಗುತ್ತಾನೆ. ಇವಳು ಇನ್ನೊಂದು ವರ್ಷ ಗಂಜಿ, ಚಟ್ನಿ ಎಂದು ಕೂತರೆ ಉಳಿಯುತ್ತಾಳಾ? ತಿರುಗಿ ನೋಡಲು ಕತ್ತು ತುಡಿಯುತ್ತಿತ್ತು. ಮಗಳು ನನ್ನ ಮೊಣಕೈ ಹಿಡಿದುಕೊಂಡಿದ್ದಳು.

"ನಿಮ್ಮದು ಊಟ ಆಯ್ತಾ? ಟೇಬಲ್ ಖಾಲಿ ಉಂಟಾ?" ಎಂದು ಟೋಕನ್ ಹಿಡಿದ ಹೆಂಗಸೊಬ್ಬಳು ಕೇಳಿದಳು. ಅವಳ ಪಕ್ಕ ಬೆಂಚಿನಲ್ಲಿ ಅವಳ ಮಾವನಿರಬೇಕು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಾಜಿನ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಅದೇ ಬೆಂಚು. ಆ ದಿನ ಇನ್ನು ಹತ್ತು ನಿಮಿಷ ಬಾಯಿಮುಚ್ಚಿ ನಿಂತಿದ್ದರೆ ಅಪ್ಪ ಒಳಗೆ ಕೂತು ತಿಂದಿರುತ್ತಿದ್ದರು. ಅವರಿಗೆ ಅವಸರ ಇರಲಿಲ್ಲ, ಅವರು ಬಸ್ಸಿನ ಕೆಲಸ ಬಿಟ್ಟಾಗಿತ್ತು. ಅವಸರ ನನ್ನದು. ಅವರ ಕೈಯಿಂದ ಟೋಕನ್ ಕಿತ್ತವಳು ನಾನು.

"ಇನ್ನೂ ಆಗಲಿಲ್ಲ. ಅಪ್ಪ ಒಳಗೆ ತಿನ್ತಾ ಇದ್ದಾರೆ" ಎಂದೆ.

ಏಳು ನಿಮಿಷ ಆಯಿತು. "ಅಮ್ಮ, ಏಳು ನಿಮಿಷ ಆಯ್ತು. ಅವರ ಊಟ ಮುಗಿದಿರ್ತದೆ" ಎಂದೆ.

ಅಮ್ಮ ರಸ್ತೆಯನ್ನೇ ನೋಡುತ್ತಿದ್ದಳು. ಸ್ಟಾಪಿನಲ್ಲಿ ಕಾರ್ಕಳದ ಬಸ್ಸು ನಿಂತು ಹಾರ್ನ್ ಹೊಡೆಯುತ್ತಿತ್ತು. "ಇವತ್ತು ಅವರಿಗೆ ಟ್ರಿಪ್ ಇಲ್ಲ. ನಿಧಾನ ತಿನ್ನಲಿ" ಎಂದಳು.

ಆ ಬಸ್ಸು ಹೋಯಿತು, ಅದರ ಹಿಂದಿನದೂ ಬಂದು ಹೋಯಿತು. ನಾನು ಮೊಬೈಲನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದೆ. ಎಷ್ಟು ಹೊತ್ತು ನಿಂತೆವೆಂದು ಈಗ ಕೇಳಿದರೆ ನನಗೆ ಗೊತ್ತಿಲ್ಲ. ಕೊನೆಗೆ ಅಮ್ಮ ಗಾಜಿನ ಬಾಗಿಲ ಹತ್ತಿರ ಹೋಗಿ ದೊಡ್ಡದಾಗಿ ಕೆಮ್ಮಿದಳು. ಬಾಗಿಲಿನವನು ಬೆಚ್ಚಿ ನೀರು ಬೇಕಾ ಎಂದು ಕೇಳಿದ. ನಾವು ಒಳಗೆ ಹೋದೆವು.

ಮೇಜು ಹಾಗೆಯೇ ಇತ್ತು. ತಟ್ಟೆ ಮಾತ್ರ ನಾವು ಬಿಟ್ಟುಹೋದ ಹಾಗೆ ಇರಲಿಲ್ಲ. ಬಾಳೆಲೆ ಕಾಣದ ಹಾಗೆ ತುಂಬಿತ್ತು. ಕೋಳಿಯ ಮೇಲೆ ಕೋಳಿ, ಸಿಗಡಿಯ ರಾಶಿ, ಅನಾನಸು, ಜೋಳ, ಹೊಸದಾಗಿ ಹಾಕಿದ ಮೀನಿನ ತುಂಡಿನಿಂದ ಇನ್ನೂ ಹಬೆ ಏಳುತ್ತಿತ್ತು. ಮಲ್ಲಿಗೆ ಮಾತ್ರ ಯಾರೂ ಮುಟ್ಟದೆ ಬದಿಯಲ್ಲಿತ್ತು. ಬಾವುಟ ನೆಟ್ಟಗೆ ನಿಂತಿತ್ತು. ಗಡಿಬಿಡಿಯಲ್ಲಿ ಅದನ್ನು ಮಲಗಿಸಲು ನಮಗೆ ಮರೆತೇಹೋಗಿತ್ತು.

ಬಾಗಲಕೋಟೆಯವನು ಕೈಯಲ್ಲಿ ಮತ್ತೊಂದು ಕಂಬಿ ಹಿಡಿದು ಬಂದ. "ಇಷ್ಟೆಲ್ಲ ಯಾರು ಬಡಿಸಿದ್ದು?" ಎಂದು, ಮನೆಯಲ್ಲಿ ತುಳುವನ್ನೇ ಆಡುವ ಅಮ್ಮ ತನ್ನ ಪುಸ್ತಕದ ಕನ್ನಡದಲ್ಲಿ ಕೇಳಿದಳು.

"ನಾವ ಹಾಕೀವ್ರಿ ಅಮ್ಮಾರ. ಬಾವುಟ ನಿಂತಿತ್ತಲ್ರಿ. ಸಾಕು ಅಂತ ಅವ್ರು ಹೇಳ್ಲಿಲ್ಲ" ಎಂದ.

ಅವನು ಗೊತ್ತಿದ್ದು ಹಾಗೆಂದನೋ, ಅಭ್ಯಾಸಬಲದಿಂದ ಎಂದನೋ, ನಾನು ಕೇಳಲು ಹೋಗಲಿಲ್ಲ. ಅಮ್ಮ ಕೂತು, ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಮೀನಿನ ತುಂಡು ಮುರಿದು ಬಾಯಿಗಿಟ್ಟಳು. ಅಗಿದಳು. ನುಂಗಿದಳು. "ಉಪ್ಪು ಸ್ವಲ್ಪ ಜಾಸ್ತಿ" ಎಂದಳು. ನನ್ನ ತಮ್ಮ ಮುಖ ಆ ಕಡೆ ತಿರುಗಿಸಿಕೊಂಡ. ಅಮ್ಮ ಇನ್ನೊಂದು ತುಂಡು ತೆಗೆದುಕೊಂಡಳು.

ಬಾಗಲಕೋಟೆಯವನು ಕಂಬಿ ಹಿಡಿದು ನಿಂತೇ ಇದ್ದ. ಗಾಜಿನ ಆಚೆ ಟೋಕನಿನವರು ನಮ್ಮ ಮೇಜನ್ನೇ ನೋಡುತ್ತಿದ್ದರು. ನನ್ನ ಕೈ ಅವಸರದ ಅಭ್ಯಾಸದಂತೆ ಬಾವುಟದ ಕಡೆಗೆ ಹೋಗಿತ್ತು.

"ಸಾಕೇನ್ರಿ ಅಕ್ಕಾರ?" ಎಂದು ಕೇಳಿದ.

ನಾನು ಕೈ ಹಿಂದೆ ತೆಗೆದುಕೊಂಡೆ. "ಇನ್ನೊಂದು ಹಾಕಿ" ಎಂದೆ.