ಅವ್ವನ ಪಾಲು ಅರಿವೆಯಲ್ಲಿ

ಸಿಂಧನೂರಿನ ನಮ್ಮ ಅಡುಗೆಮನೆಯಲ್ಲಿ ಇಂದು ಮೊಸರು ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದಾಗ ಬಂದ ಹುಳಿವಾಸನೆ ನನ್ನನ್ನು ಮಸ್ಕಿಯ ಹಳೆಯ ಮನೆಗೆ ಒಯ್ದಿತು.

ಅಲ್ಲಿ ಅವ್ವ ಎಮ್ಮೆಯ ಮೊಸರನ್ನು ಅಪ್ಪನ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕುತ್ತಿದ್ದಳು. ನೀರೆಲ್ಲ ಇಳಿದ ಮೇಲೆ ಸಕ್ಕರೆ ಬೆರೆಸಿ, ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ತುಂಬಿ, ಮೇಲೆ ಅವರವರ ಹಣ್ಣು ಹಾಕುತ್ತಿದ್ದಳು: ಅಪ್ಪನಿಗೆ ಮಾವು, ಅಕ್ಕನಿಗೆ ಪಪ್ಪಾಯಿ, ನನಗೆ ಬಾಳೆ. ನಾಲ್ಕನೆಯ ಬಟ್ಟಲು ಇರುತ್ತಿರಲಿಲ್ಲ.

“ಅವ್ವಾ, ನಿಂದೆಲ್ಲಿ?”

“ನಂದು ಅರಿವ್ಯಾಗ ಐತಲ್ಲೋ,” ಎಂದು ಬಟ್ಟೆಗೆ ಅಂಟಿದ್ದನ್ನು ಬೆರಳಿನಿಂದ ಸವರಿ ಬಾಯಿಗಿಡುತ್ತಿದ್ದಳು.

“ನಿಮ್ಮವ್ವಗ ಹಣ್ಣು ಸೇರೂದಿಲ್ಲಲೇ,” ಎನ್ನುತ್ತಿದ್ದರು ಅಪ್ಪ.

“ಹೌದ್ರಿ, ನನ್ನ ನಾಲಿಗಿ ರುಚಿ ನನಗಿಂತ ನಿಮಗ ಗೊತ್ತು ನೋಡ್ರಿ!”

ಅಪ್ಪ ನಗುತ್ತಿದ್ದರು. ಯಾವ ಹಣ್ಣು ಸೇರುತ್ತದೆಂದು ಅವ್ವನೂ ಹೇಳುತ್ತಿರಲಿಲ್ಲ.

ಈಗ ಅವ್ವ ಸಿಂಧನೂರಿನಲ್ಲಿ ನನ್ನ ಬಳಿಯೇ ಇದ್ದಾಳೆ; ಪಾರ್ಶ್ವವಾಯು ಬಡಿದ ಮೇಲೆ ಅವಳಿಗೆ ಮಾತಿಲ್ಲ. ನೀರು ಕುಡಿಸಿದರೆ ನೆತ್ತಿಗೇರುತ್ತದೆ. ಮಂದವಾಗಿ ನುಣ್ಣಗಿರುವುದನ್ನಷ್ಟೇ ಕೊಡಿ ಎಂದಿದ್ದಾರೆ ವೈದ್ಯರು. ಈಚೆಗೆ ಅದನ್ನೂ ನುಂಗುತ್ತಿಲ್ಲ. ಅವಳಿಗೆ ಯಾವ ಹಣ್ಣು ಇಷ್ಟವೆಂದು ಲಿಂಗಸುಗೂರಿನಲ್ಲಿರುವ ಅಕ್ಕನಿಗೆ ಫೋನು ಮಾಡಿ ಕೇಳಿದೆ.

“ನನಗೂ ಗೊತ್ತಿಲ್ಲೋ ತಮ್ಮಾ. ಎಲ್ಲಾ ಹಣ್ಣೂ ಹಾಕಿ ನೋಡು.”

ಮಾವು, ಪಪ್ಪಾಯಿ, ಬಾಳೆ, ಸಪೋಟ ಹಣ್ಣುಗಳನ್ನು ನುಣ್ಣಗೆ ಅರೆದು ಬೇರೆಬೇರೆ ಬಟ್ಟಲುಗಳಲ್ಲಿ ಮೊಸರಿಗೆ ಬೆರೆಸಿದೆ. ಒಂದೊಂದರಿಂದಲೂ ಒಂದು ಚಮಚ ತುಟಿಯ ಬಳಿ ಹಿಡಿದೆ. ಅವ್ವ ಬಾಯಿ ತೆರೆಯಲಿಲ್ಲ. ಕೊನೆಗೆ ಬಟ್ಟೆಗೆ ಅಂಟಿದ್ದನ್ನು ಬೆರಳಿನಿಂದ ಸವರಿ ತುಟಿಗೆ ಮುಟ್ಟಿಸಿದೆ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಬಟ್ಟೆಯನ್ನು ತೊಳೆದು ಒಣಹಾಕಿದ್ದೇನೆ. ನಾಳೆಗೆಂದು ಹಾಲಿಗೆ ಹೆಪ್ಪು ಹಾಕಿಲ್ಲ.